ಎರಡು ಸೀಟಿಗೆ ರೈಟ್

ಗೋಕುಲ ರಸ್ತೆ ಡಿಪೋದ ಹಿಂದ
ಮಾಳಿಗಿ ಮ್ಯಾಲ ಒಂದ ಖೋಲಿ.
ಬಾಡಗಿ ಇಬ್ಬರದು. ಒಲಿ ಒಂದು, ಕುಕ್ಕರ್ ಒಂದು, ಹಾಸಿಗಿನೂ ಒಂದು.
ನಂದು ನಸುಕಿನ ಗದಗ ಗಾಡಿ,
ರೇಷ್ಮಾ ನದಾಫಂದು ಹಾನಗಲ್ ಕಡೆ ವಸ್ತಿ ಗಾಡಿ.
ನನ್ನ ಮೈಕಾವು ಆರಿದ ಮ್ಯಾಲ
ಅಕಿ ಬಂದು ಅದರಾಗ ಮಲಗತಾಳ.
ಒಂದೂವರಿ ವರ್ಷದಾಗ ಎದುರಾಬದುರಾ ಕುಂತು ಉಂಡದ್ದು
ಎಣಿಸಾಕ ಒಂದ ಕೈ ಸಾಕು.

ನಮ್ಮ ನಡುವ ಮಾತಾಡೂದು ಪಾತೇಲಿ.
ರಾತ್ರಿ ನಾ ನೆನಸೂದು, ಮುಂಜಾನೆ ಅಕಿ ಕುದಸೂದು.
ಟಿಕೆಟ್ ಮಶೀನಿನ ತುದಿ ಹಾಳ್ಯಾಗ ಚೀಟಿ:
ಉಪ್ಪು ಹಾಕಿಲ್ಲ.
ನಾಳೆ ನಳ ಬರತೈತಂತ.
ನಿನ್ನ ಛತ್ರಿ ಒಯ್ದೀನಿ.

ಈ ಜವೆಗೋಧಿ ಅಣ್ಣಿಗೇರಿ ಕಲ್ಲವ್ವಂದು.
ಸೀಟಿನ ಬುಡಕ ಗಂಟು ಮರತು ಇಳದಿದ್ಲು,
ಮೂರನೇ ದಿನಕ್ಕ ಕೈಗೆ ಕೊಟ್ರ
ಅರ್ಧ ಸುರುವಿ ನನ್ನ ಬ್ಯಾಗಿಗೆ ಹಾಕಿದ್ಲು.
"ಕುಟ್ಟಬ್ಯಾಡವಾ, ತವುಡಿನ ಸಂಗಾಟನ ಕುದಸು.
ಏಳು ಸೀಟಿ.
ಬೆಂದದ್ದು ಕಣ್ಣಿಗೆ ತಿಳಿಯಂಗಿಲ್ಲ, ಹಲ್ಲಿಗೆ ತಿಳೀತೈತಿ."

ಆ ವಾರ ಒಂಬತ್ತನೇ ದಿನಾನೂ ನಳ ಬರಲಿಲ್ಲ.
ಕೊಡದ ತಳದಾಗ ಎರಡ ಲೋಟ:
ಅರ್ಧ ನಾ ಕುಡದೆ,
ಒಂದೂವರಿ ಗೋಧಿಗೆ ಹಾಕಿದೆ.
ತಾಟು ಮುಚ್ಚಿ ನಸುಕಿಗೆ ಹೋದೆ.

ಬಂಕಾಪುರದಾಗ ರೇಷ್ಮಾನ ಗಾಡಿ ಕ್ಲಚ್ ಸುಟಗೊಂತು.
ಬದಲಿ ಕಂಡಕ್ಟರ್ ಬರಲಿಲ್ಲ,
ನನ್ನ ಗದಗದಿಂದ ಸೀದಾ ಬಾಗಲಕೋಟಿಗೆ ಅಟ್ಟಿದ್ರು.
ಎರಡು ರಾತ್ರಿ, ಎರಡು ಹಗಲು.

ಮೂರನೇ ಸಂಜಿಗೆ ಇಬ್ಬರೂ ಒಂದ ಬಾಗಿಲಕ್ಕ,
ಇಬ್ಬರ ಕೈಯಾಗೂ ಕೀಲಿ.
ಒಳಗ ಹೋಗಿ ತಾಟು ತಗದ್ರ
ಒಂದೊಂದು ಕಾಳಿಗೂ ಬಿಳೀ ಬಾಲ!
ಇದ್ದಷ್ಟು ನೀರು ಕುಡದು, ದಾರಿ ನೋಡಿ ನೋಡಿ,
ಇನ್ನ ಯಾರೂ ಬರಂಗಿಲ್ಲಂತ ತಿಳದು
ರೈಟ್ ಅನ್ನೂಕಿನ ಮೊದಲ ಹೊಂಟು ನಿಂತಿದ್ವು.

"ಚೆಲ್ಲೂದ ಇನ್ನ" ಅಂದೆ ನಾ.
ಅಕಿ ಪಾತೇಲ್ಯಾಗ ಮಾರಿ ಇಟ್ಟು ಮೂಸಿದ್ಲು.
"ಹುಳಿ ಬಂದಿಲ್ಲ. ಹಸೀ ಮಣ್ಣಿನ ವಾಸನಿ ಐತಿ.
ಇಲ್ಲಿ ಕೊಡು."

ಅವತ್ತ ನಳಾನೂ ಬಂತು.
ಸದ್ದಿಗೆ ಓಣಿ ಅಷ್ಟೂ ಕೊಡ ಹಿಡಕೊಂಡು ಎದ್ದಿತು.
ಮೂರು ಸಲ ತೊಳದ್ವಿ,
ಧಾರಾಳ ನೀರು ಹಾಕಿ ಮುಚ್ಚಳ ಬಿಗದ್ವಿ.
ಮೊಳಕಿ ಒಡದದ್ದಕ್ಕ ಎಷ್ಟು ಸೀಟಿ?
ಕಲ್ಲವ್ವ ಹೇಳಿರಲಿಲ್ಲ.
ನಾ ನಾಕು ಅಂದೆ, ಅಕಿ ಏಳೂ ಬೇಕು ಅಂದ್ಲು.

ಮೊದಲನೇ ಸೀಟಿಗೆ
ಉಳ್ಳಾಗಡ್ಡಿ ಹೆಚ್ಚೂ ಕೈ ತಾನ ನಿಂತಿತು.
ಎರಡನೇದಕ್ಕ
ಇಬ್ಬರ ಬಾಯಾಗೂ ಒಮ್ಮೆಲೇ: "ರೈಟ್!"
ನಕ್ಕು ನಕ್ಕು ರೇಷ್ಮಾ ಗ್ವಾಡಿಗೆ ಆನಿದ್ಲು.
ಆಮ್ಯಾಲ ಮಾತು ಎಲ್ಲಿಂದೋ ಹತ್ತಿತು:
ಅಕಿ ತಂಗಿ ಹೊಲಿಗಿ ಮಶೀನು,
ನನ್ನ ಕಾಲಿನ ಬಾವು,
ಹತ್ತು ರೂಪಾಯಿಗೆ ಮೂರು ಊರು ದಾಟಿದ ಮುದುಕ.
ದಿನಾ ನಾನೂರು ಮಂದಿ ತಲಿ ಎಣಿಸೂ ಇಬ್ಬರೂ
ಎಷ್ಟು ಸೀಟಿ ಆದ್ವು, ಮರತ ಬಿಟ್ವಿ.

ಮುಚ್ಚಳ ತಗದ್ರ ಕಾಳು ಒಡದಿರಲಿಲ್ಲ,
ಹೊಟ್ಟಿ ಮಾತ್ರ ಸಣ್ಣಗೆ ಸೀಳಿತ್ತು.
ಮ್ಯಾಲ ತುಪ್ಪ, ಬದಿಗೆ ಗುರೆಳ್ಳ ಹಿಂಡಿ.

ಸ್ಟ್ಯಾಂಡಿನಾಗ ಐದ ನಿಮಿಷಕ್ಕ ನುಂಗಿ ಏಳೂ ಬಾಯಿ ಇದು.
ಈ ಗೋಧಿ ನುಂಗಾಕ ಕೊಡಂಗಿಲ್ಲ.
ಅಗಿ ಅಂತೈತಿ. ಇನ್ನೊಮ್ಮೆ ಅಗಿ ಅಂತೈತಿ.
ಹಲ್ಲಿನ ನಡುವ ಟಪ್ಪಂತ ಒಡದು
ತಡಾ ಮಾಡಿ ಸೀ ಬಿಡತೈತಿ.
ಗಂಟಿ ಹೊತ್ತು ಕುಂತಿದ್ವಿ,
ಬಾಯಿ ತುಂಬ ಇತ್ತು, ಮಾತಿರಲಿಲ್ಲ.

ಮರುದಿನ ಸಂಜಿಗೆ ಬಂದೆ.
ತೊಳದು ಬೋರಲ ಹಾಕಿದ ಪಾತೇಲಿ ಮ್ಯಾಲ
ಟಿಕೆಟ್ ಹಾಳಿ.
ಚಿಲ್ಲರೆ ಇಲ್ಲದಾಗ ಮಂದಿಗೆ ಬರಕೊಟ್ಟಂಗ,
ಗೀಟು ಎಳದು, ಸಹಿ ಸುದ್ದಾ ಮಾಡಿ:
ಬಾಕಿ, ಒಂದ ಊಟ.