ಮಾಹಿತಿದಾರ ಹದಿನೇಳು

ಗಂಗೋತ್ರಿಯ ಪ್ರಬಂಧಗಳೆಲ್ಲ ಕೊನೆಗೆ ಬರುವುದು
ಸರಸ್ವತಿಪುರಂನ ಈ ಎಂಟಡಿ ಅಂಗಡಿಗೆ.
ತೂಕದಲ್ಲೇ ಹೇಳಿಬಿಡುತ್ತೇನೆ:
ಗಣಿತ ತೆಳ್ಳಗೆ, ಕೈಗೆ ಹತ್ತುವುದಿಲ್ಲ;
ಸಮಾಜಶಾಸ್ತ್ರಕ್ಕೆ ಕೋಷ್ಟಕಗಳ ಹೊಟ್ಟೆ;
ಭೂವಿಜ್ಞಾನದ ನಕ್ಷೆ
ಮಡಿಚಿದಷ್ಟೂ ಬಿಚ್ಚಿಕೊಳ್ಳುತ್ತದೆ.

ಒಬ್ಬ ಐದು ವರ್ಷ ಹಣ್ಣುನೊಣದ ಕಣ್ಣು ನೋಡಿದ,
ಬಿಳಿಯೋ ಕೆಂಪೋ ಎಂದು.
ಒಬ್ಬಳು ಕುಕ್ಕರಹಳ್ಳಿ ಕೆರೆಯ ಪಾಚಿ ಎಣಿಸಿದಳು.
ಮತ್ತೊಬ್ಬ ಪಾಂಡವಪುರದ ಆಲೆಮನೆಗಳಲ್ಲಿ
ಕೊಪ್ಪರಿಗೆ ಕಾಯುವವರ ಕೂಲಿ ಬರೆದುಕೊಂಡು ಬಂದ;
ಹಾಳೆಗಳಿಗೆ ಇನ್ನೂ ಬೆಲ್ಲದ ವಾಸನೆ.
ಇರುವೆ ಮುತ್ತಿಯಾವೆಂದು
ಅಂಟಿಗೆ ಮೈಲುತುತ್ತ ಒಂದು ಚಿಟಿಕೆ ಹೆಚ್ಚು ಹಾಕಿದೆ.

ಎಲ್ಲರಿಗೂ ನಾಳೆಯೇ ಬೇಕು. ಎಲ್ಲರಿಗೂ ಚಿನ್ನದ ಅಕ್ಷರ.

ಹೋದ ವರ್ಷ ಮಳವಳ್ಳಿ ಕಡೆಯ ಸುಗುಣ
ಇದೇ ಸ್ಟೂಲಿನ ಮೇಲೆ ಕೂತು ಕೇಳಿದ್ದಳು:
ದಿನಕ್ಕೆಷ್ಟು ಗಂಟೆ? ಬೆನ್ನು ನೋಯುತ್ತದಾ?
ಎಲ್ಲಿವರೆಗೆ ಓದಿದ್ದೀರಿ?
ಟೀ ತರಿಸಿದ್ದೆ. ಅದನ್ನೂ ಬರೆದುಕೊಂಡಳೋ ಏನೋ.

ಇವತ್ತು ಅವಳದೇ ಬಂದಿದೆ, ಐದು ಪ್ರತಿ.
ಹೊಲಿಯುತ್ತಿದ್ದರೆ ನೂರ ನಲವತ್ತಮೂರನೇ ಪುಟದಲ್ಲಿ ನಾನು:
ಮಾಹಿತಿದಾರ ಹದಿನೇಳು. ಗಂಡು. ಐವತ್ತೆಂಟು.
ಅರೆ ಅಕ್ಷರಸ್ಥ.

ಅಚ್ಚುಮೊಳೆ ಜೋಡಿಸಿ ಜೋಡಿಸಿ
ಅವಳ ಹೆಸರನ್ನು ಬಲದಿಂದ ಎಡಕ್ಕೆ,
ತಲೆಕೆಳಗಾಗಿಯೂ ಓದಬಲ್ಲೆ.
ಅದಕ್ಕೆ ಅವಳ ಕೋಷ್ಟಕದಲ್ಲಿ ಮನೆಯಿಲ್ಲ.
ಕೋಪ ಬರಲಿಲ್ಲ.
ನೊಣಕ್ಕೂ ಬಂದಿರಲಾರದು.

ಎರಡನ್ನೂ ಒಂದೇ ಪ್ರೆಸ್ಸಿಗೆ ಇಟ್ಟೆ,
ಕೆಳಗೆ ನೊಣ, ಮೇಲೆ ನಾನು.
ತಿರುಪು ಬಿಗಿ ಮಾಡುವಾಗ ಸೊಂಟ ಚಳಕ್ಕೆಂದಿತು.
ಬೆನ್ನುನೋವು: ಹೌದು.
ಅದೊಂದು ಸರಿಯಾಗಿ ಬರೆದಿದ್ದಾಳೆ.