ಬಲಗಣ್ಣು, ಮೂಗಿನ ಬದಿ

ತೋಟ ಬೆಂಗ್ರೆಯ ಭಜನಾ ಮಂದಿರದ ಜಗಲಿ.
ಬೆಳಿಗ್ಗೆ ಒಂಬತ್ತಕ್ಕೇ ಮರಳು ಕಾದಿತ್ತು.
ಡಾಕ್ಟರರ ಕೈಯಲ್ಲಿ ಟಾರ್ಚು, ನನ್ನ ಕೈಯಲ್ಲಿ ನಮೂನೆ:
ಇಪ್ಪತ್ತೆರಡು ಪ್ರಶ್ನೆ, ಹೌದು ಇಲ್ಲಗಳ ಚೌಕ.

ಹದಿನೇಳನೆಯವರು ಗುಲಾಬಿ ತಿಂಗಳಾಯ.
ಹೆಸರಿನಲ್ಲಿ ತಿಂಗಳು,
ಕಣ್ಣಿನಲ್ಲಿ ಬಿಸಿಲು.
ಬಿಳಿಯಿಂದ ಹೊರಟು ಕರಿಗುಡ್ಡೆಯ ಅಂಚು ದಾಟಿ
ಒಳಬಂದಿತ್ತು ಒಂದು ಎಳೆಮಾಂಸ,
ಮೂರು ಮೂಲೆ, ಕೆಂಪು ನರದ ಹೊಲಿಗೆ.
"ಬಂಗುಡೆಯ ರೆಕ್ಕೆ ಹಾಗಿದೆಯಂತೆ, ಮೊಮ್ಮಗಳು ಹೇಳ್ತಾಳೆ.
ನನಗೆಲ್ಲಿ ಕಾಣ್ತದೆ? ನನ್ನದೇ ಕಣ್ಣಲ್ವಾ."

ವಯಸ್ಸು?
"ಅರವತ್ತು ಬರೆ. ಹೆಚ್ಚು ಬರೆದರೆ ಪೆನ್ಶನ್ ಕೊಡ್ತೀಯಾ?"
ದಿನಕ್ಕೆ ಎಷ್ಟು ಗಂಟೆ ಬಿಸಿಲಲ್ಲಿ?
"ನೆರಳಲ್ಲಿ ಎಷ್ಟು ಅಂತ ಕೇಳು,
ಅದು ಲೆಕ್ಕಕ್ಕೆ ಸಿಗ್ತದೆ."
ಯಾವ ವಯಸ್ಸಿನಿಂದ?
ಎಂಟು. ಮೂರನೇ ಕ್ಲಾಸು ಬಿಟ್ಟ ಮರುದಿನ.
ಮನೆಯಲ್ಲಿ ಇನ್ನಾರಿಗಾದರೂ?
ಅಮ್ಮನಿಗೆ. ಅಕ್ಕನಿಗೆ.
"ರಕ್ತದ್ದೋ ಮರಳಿನದ್ದೋ ಯಾರಿಗೆ ಗೊತ್ತು,
ಒಂದೇ ಕಡೆ ಕೂತವರು ನಾವು."
ಕಪ್ಪು ಕನ್ನಡಕ? ಇದಕ್ಕೆ ಉತ್ತರವೇ ಬರಲಿಲ್ಲ.
ಟೋಪಿ?
"ಮುಟ್ಟಾಳೆ ಗಂಡಸರಿಗೆ. ನಮಗೆ ಬುಟ್ಟಿ.
ತುಂಬಿದ್ದರೆ ತಲೆಗೆ ನೆರಳು,
ಖಾಲಿಯಾದರೆ ಸೊಂಟಕ್ಕೆ.
ಹೌದು ಅಂತ ಬರೀತೀಯಾ, ಇಲ್ಲ ಅಂತಲಾ?"
ನನ್ನ ಪೆನ್ನು ಚೌಕದ ಮೇಲೆ ನಿಂತೇ ಇತ್ತು.

ಡಾಕ್ಟರರು ವಿವರಿಸಿದರು:
ನೆತ್ತಿಯ ಬಿಸಿಲಿಗೆ ಹುಬ್ಬು ಅಡ್ಡ,
ಎದುರಿನದ್ದಕ್ಕೆ ರೆಪ್ಪೆ ತಾನೇ ಕಿರಿದಾಗುತ್ತದೆ,
ಬದಿಯಿಂದ ಬರುವುದಕ್ಕೆ ಕಾವಲಿಲ್ಲ.
ಕಪೋಲದ ಪಕ್ಕದಿಂದ ನುಗ್ಗಿ, ಕಣ್ಣಿನ ಗಾಜಿನಲ್ಲಿ ಬಾಗಿ
ಮೂಗಿನ ಬದಿಯ ಅಂಚಿಗೆ ಚುಚ್ಚುತ್ತದೆ,
ಮಕ್ಕಳು ಭೂತಗನ್ನಡಿ ಹಿಡಿದು ಕಾಗದ ಸುಟ್ಟ ಹಾಗೆ.
ನೀರು ಒಂದಿಷ್ಟು ಕಳಿಸುತ್ತದೆ, ಮರಳು ಒಂದಿಷ್ಟು.
ಉಪ್ಪುಗಾಳಿ ಬಾಗಿಲು ತೆರೆದಿಡುತ್ತದೆ.

"ಹಾಗಾದರೆ ಎಡಗಣ್ಣು ಯಾಕೆ ಚೊಕ್ಕ ಇದೆ?"

ಡಾಕ್ಟರರು ಟಾರ್ಚು ಆರಿಸಿದರು.
ಗುಲಾಬಿಯಕ್ಕ ಎದ್ದರು, ಜಗಲಿ ಇಳಿದರು,
ಬೊಳೆಂಜಿರ್ ಒಣಹಾಕಿದ ಚಾಪೆಗಳ ಪಕ್ಕ
ಮರಳಲ್ಲಿ ಕುಕ್ಕರಿಸಿದರು, ತೆಂಕಕ್ಕೆ ಮುಖ ಮಾಡಿ.
"ಹೀಗೆ ಕೂತು ಕಾಗೆ ಓಡಿಸುವುದು.
ಅಳಿವೆಯ ಮೇಲೆ ಒಂದು ಕಣ್ಣು.
ಯಾರ ಬೋಟು ಮೊದಲು ಒಳಗೆ ಬಂತೋ
ಆ ದಿನದ ರೇಟು ಅವರದ್ದು."
ಬಲಕ್ಕೆ ಸಮುದ್ರ. ಮಧ್ಯಾಹ್ನದಿಂದ ಮುಳುಗುವವರೆಗೆ
ಪಕ್ಕದಲ್ಲೇ ಒಡೆದು ಬಿದ್ದ ಕನ್ನಡಿ.
"ಅದನ್ನು ನೋಡ್ಲಿಕ್ಕೆ ಪುರುಸೊತ್ತೆಲ್ಲಿತ್ತು ಮಾರಾಯ್ತಿ?
ಅದೇ ನನ್ನನ್ನು ನೋಡ್ತಿತ್ತು."

ಯಾವ ದಿಕ್ಕಿಗೆ ಮುಖ ಎಂಬ ಚೌಕ ನಮೂನೆಯಲ್ಲಿಲ್ಲ.
ಅಂಚಿನಲ್ಲಿ ಪೆನ್ಸಿಲಿನಿಂದ ಬರೆದೆ: ತೆಂಕು.

ನಾಲ್ಕು ಗಂಟೆಗೆ ಬಂದರಿಗೆ ಮರಳುವ ದೋಣಿ.
ಹೊಳೆಯೆಲ್ಲ ಫಳಫಳ.
ನಾನು ಅಂಗೈಯನ್ನು ಕೆನ್ನೆಯ ಬದಿಗೆ ಹಿಡಿದೆ,
ಗುಟ್ಟು ಹೇಳುವವರ ಹಾಗೆ.
ದೋಣಿಯ ಹಸನಬ್ಬ ನಕ್ಕ:
"ಯಾರಿಗೆ ಮುಖ ಮರೆಸ್ತಿದ್ದೀರಿ ಟೀಚರೇ?"
ತಲೆಯೆತ್ತಿ ನೋಡಿದೆ.
ಎರಡೂ ಕಣ್ಣಿನಲ್ಲಿ, ಮೂಗಿನ ಅತ್ತಲೂ ಇತ್ತಲೂ
ಒಂದೊಂದು ಕೆಂಪು ರೆಕ್ಕೆ.
ಹೋಗುವಾಗ ಒಂದು ಬದಿ, ಬರುವಾಗ ಇನ್ನೊಂದು,
ಇಪ್ಪತ್ತಾರು ವರ್ಷ.

ಕ್ಯಾಂಪಿಗೆ ಬರಲಿಲ್ಲವಾ ನೀವು?

"ನೀವು ಬಂದದ್ದೂ ನನ್ನ ದೋಣಿಯಲ್ಲಿ,
ಹೋಗುವುದೂ ನನ್ನ ದೋಣಿಯಲ್ಲಿ.
ನಡುವೆ ನಾನು ಬರುವುದು ಯಾವಾಗ?"
ಎಂದು ಹಗ್ಗವನ್ನು ದಕ್ಕೆಯ ಕಂಬಕ್ಕೆ ಎಸೆದ.
ಕಣ್ಣು ಕಿರಿದು ಮಾಡಿ,
ಗುರಿ ತಪ್ಪದೆ.