ಕಲಂ ಏಳು

ಅನುದಾನದ ಅರ್ಜಿ ತಿರುವನಂತಪುರದಿಂದ ಮೂರನೇ ಸಲ ವಾಪಸು.
ಪೈವಳಿಕೆ ಆಸ್ಪತ್ರೆಯ ಹಿಂಬದಿ ಕೋಣೆಯಲ್ಲಿ ಬಿಚ್ಚಿದೆ.
ಫ್ರೀಜರಿಗೆ ಮಂಜೂರು. ರಕ್ತ ಹಿಡಿವ ನಳಿಗೆಗಳಿಗೂ.
ಕಲಂ ಏಳು:
ದಿನಕ್ಕೆರಡು ಮೊಟ್ಟೆ, ಕುಡಿಯುವ ಅರವತ್ತು ಮಂದಿಗೆ.
ಅದರ ಮೇಲೆ ಮಾತ್ರ ಕೆಂಪು ಗೆರೆ,
ಪಕ್ಕದಲ್ಲಿ ದುಂಡಗಿನ ಅಕ್ಷರ:
ಊಟ ಸಂಶೋಧನೆಯಲ್ಲ.

ಬೆಂಚಿನ ಮೇಲೆ ಐತಪ್ಪ.
ಅಂಗಾಲು ಉರಿ ಅಕ್ಕಾ, ಕೆಂಡ ತುಳಿದ ಹಾಗೆ.
ನಿನ್ನೆ ಎಂತ ಉಂಡದ್ದು?
ಗಡಂಗಿನ ಉಪ್ಪಿನಕಾಯಿ. ನೆಕ್ಕಿದ್ದು.
ಮೊನ್ನೆ?
ನೆನಪಿಲ್ಲ.
ನನ್ನ ಫಾರಮಿನಲ್ಲಿ
ನೆನಪಿಲ್ಲ ಎಂಬುದಕ್ಕೆ ಚೌಕ ಇಲ್ಲ.

ಹೆಂಡತಿ ಕೊರಪ್ಪೊಳು ಬಾಗಿಲ ಬಳಿಯಿಂದ:
ಗಂಜಿ ಇಟ್ಟರೆ ದೂಡುತ್ತಾರೆ.
ಮಿಲ್ಲಿನ ತೌಡು ಪೂರಾ ದನಕ್ಕೆ ಹಾಕುವುದು ನಾನು.
ದನ ಗಟ್ಟಿ ಉಂಟು.

ನಾನು ಹನ್ನೊಂದು ಪುಟದಲ್ಲಿ,
ಅಡಿಟಿಪ್ಪಣಿ ಸಮೇತ,
ಅದನ್ನೇ ಬರೆದದ್ದು.

ಹೊಸ ಹಾಳೆ ತೆಗೆದೆ. ಮೊಟ್ಟೆಯನ್ನು ಹೊಡೆದುಹಾಕಿದೆ.
ಕಲಂ ಏಳು:
ಮೌಖಿಕ ಪ್ರೋಟೀನ್ ಘಟಕ, ಚಿಪ್ಪುಸಹಿತ,
ದಿನಕ್ಕೆ ನೂರಿಪ್ಪತ್ತು.
ಇನ್ನು ದಾಟೀತು ಗಡಿ.

ಐತಪ್ಪ ಎದ್ದ, ಗೋಡೆ ಹಿಡಿದು
ಔಷಧದ ಕಪಾಟಿನ ಕಡೆಗೆ ನಡೆದ.
ಅದಲ್ಲ, ಎಂದಳು ಕೊರಪ್ಪೊಳು,
ಬಾಗಿಲು ಇಲ್ಲಿ.